ಕವುಚಿಟ್ಟ ಲೋಟ

ಭಾವ ತೊಟ್ಟಿಯ ಕೆಳಗಿನ ಕಪಾಟಿಗೆ ಬೀಗ ಹಾಕಿದ ವಾರವೇ ಅಜ್ಜಿ ಬಿಳಚಿಕೊಳ್ಳತೊಡಗಿದಳು. ಎರಡಕ್ಕೂ ಸಂಬಂಧವಿಲ್ಲ ಎಂದು ಅಕ್ಕ ಹೇಳಿದಳು. ಅವಳ ಗಂಡ, ಹೇಳಲೇಬೇಕು.

ಅಜ್ಜಿ ಎಂದರೆ ನಮ್ಮ ಅಂಗಡಿಯ ಉಪ್ಪುನೀರಿನ ದೊಡ್ಡ ತೊಟ್ಟಿಯಲ್ಲಿರುವ ಹವಳ. ಹೆಬ್ಬೆರಳಿನಷ್ಟಿದ್ದದ್ದು ಅಪ್ಪನ ಕೈಯಲ್ಲಿ ಬೆಳೆದು ಪೊದೆಯಾಗಿತ್ತು. ನಾವು ಮಾರುವ ಮರಿಹವಳಗಳೆಲ್ಲ ಅವಳ ಕೊಂಬೆ ಮುರಿದು ಬೆಳೆಸಿದವು. ಮಂಡಿಯ ಶಸ್ತ್ರಚಿಕಿತ್ಸೆಯಾಗಿ ಮಹಡಿಯಲ್ಲಿ ಮಲಗಿದ್ದ ಅಪ್ಪ ದಿನಾ ಕೇಳುವುದು ಒಂದೇ, "ಅಜ್ಜಿ ಹೇಗಿದಾಳೆ?" ಚೆನ್ನಾಗಿದ್ದಾಳೆ ಎನ್ನುತ್ತಿದ್ದೆವು. "ಅವಳು ಹೋದ್ರೆ ಅಂಗಡಿಗೂ ಬೀಗ ಹಾಕ್ಬಿಡಿ" ಎಂದು ಅವರು ಹೇಳಿದ್ದು ತಮಾಷೆಗಲ್ಲ. ಮೆಟ್ಟಿಲಿಳಿಯಬಹುದು ಎಂದು ವೈದ್ಯರು ಹೇಳಿದ ದಿನವೇ ಅವರು ಕೆಳಗೆ ಬರುವವರು.

ಈ ಕಸುಬಿನಲ್ಲಿ ಹೊಸದಕ್ಕೆ ಬರವಿಲ್ಲ. ಒಮ್ಮೆ ತಳದಲ್ಲಿ ಗೇಣುದ್ದ ಮರಳಿರಬೇಕು ಎಂದರು, ಆಮೇಲೆ ಮರಳೇ ಬೇಡ ಎಂದರು. ಟ್ಯೂಬ್‌ಲೈಟ್ ಹೋಗಿ ಬಿಸಿಯುಗುಳುವ ದೊಡ್ಡ ಬಲ್ಬು ಬಂತು, ಅದೂ ಹೋಗಿ ನೀಲಿ ಎಲ್‌ಇಡಿ ಬಂತು. ಅಪ್ಪ ಎಲ್ಲವನ್ನೂ ತಂದು ನೋಡಿ, ಮುಕ್ಕಾಲುಪಾಲು ಅಟ್ಟಕ್ಕೇರಿಸಿದ್ದರು. ಒಂದು ಪದ್ಧತಿ ಮಾತ್ರ ಬದಲಾಗಲಿಲ್ಲ. ಹವಳ ಮೈ ಕಟ್ಟಿಕೊಳ್ಳಲು ನೀರಿನ ಸುಣ್ಣವನ್ನು ಹೀರುತ್ತದೆ. ಹಾಗಾಗಿ ಬೆಳಿಗ್ಗೆ ಮೊದಲು ಬಂದವರು ಸುಣ್ಣದ ತಿಳಿನೀರನ್ನು ಒಂದು ಲೋಟ, ನಿಧಾನವಾಗಿ ಸುರಿದು, ಆ ಸ್ಟೀಲ್ ಲೋಟವನ್ನು ಮುಚ್ಚಳದ ಮೇಲೆ ಕವುಚಿಡಬೇಕು. ಕವುಚಿದ್ದರೆ ಇನ್ನೊಬ್ಬರು ಸುರಿಯುವಂತಿಲ್ಲ. ಸಂಜೆ ಬಾಗಿಲು ಹಾಕುವವರು ನೆಟ್ಟಗಿಡಬೇಕು. "ಕಡಿಮೆಯಾದ್ರೆ ಹವಳ ತಡ್ಕೊಳುತ್ತೆ, ಹೆಚ್ಚಾದ್ರೆ ಇಲ್ಲ" ಎನ್ನುತ್ತಿದ್ದರು ಅಪ್ಪ.

ಭಾವ ಎ.ಸಿ. ರಿಪೇರಿ ಬಿಟ್ಟು ನಮ್ಮ ಅಂಗಡಿಗೆ ಬಂದವರು. ಬೆಳಿಗ್ಗೆ ಗಿರಾಕಿಗಳ ಮನೆಯ ತೊಟ್ಟಿಗಳನ್ನು ನೋಡಿಕೊಂಡು ಮಧ್ಯಾಹ್ನಕ್ಕೆ ಬರುತ್ತಿದ್ದರು. ಅಜ್ಜಿಯನ್ನು ಕಂಡರೆ ಅವರಿಗೆ ಅಷ್ಟಕ್ಕಷ್ಟೆ. "ಹಳೇ ತಳಿ, ಬಣ್ಣ ಇಲ್ಲ. ಈಗ ಜನಕ್ಕೆ ಹೊಳೆಯೋದು ಬೇಕು" ಎಂದದ್ದನ್ನು ನಾನು ಕಿವಿಯಾರೆ ಕೇಳಿದ್ದೆ.

"ಕಪಾಟಿಗೆ ಬೀಗ ಯಾಕೆ ಭಾವ?"

"ಇಲಿ ಕಾಟ."

"ಇಲಿಗೆ ಚಿಲಕ ಸಾಕಲ್ಲ? ಬೀಗ ತೆಗೆಯೋ ಇಲಿ ಎಲ್ಲಿ ನೋಡಿದ್ರಿ?"

"ಪತ್ತೇದಾರಿ ಮೇಡಂ, ಗಿರಾಕಿ ಬಂದ್ರು, ನೋಡಿ."

ಹೇಳುತ್ತಲೇ ಜೇಬು ಮುಟ್ಟಿಕೊಂಡರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ.

ಅವತ್ತಿನಿಂದ ನನ್ನ ಒಂದು ಕಣ್ಣು ಅವರ ಮೇಲೇ ಇತ್ತು. ಅಂಗಡಿ ಖಾಲಿಯಿದ್ದಾಗ ಕಪಾಟಿನ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದರು. ನಾನು ಹತ್ತಿರ ಹೋದರೆ ಫೋನಿನ ಪರದೆ ಎದೆಗೆ ಒತ್ತಿಕೊಳ್ಳುತ್ತಿದ್ದರು. ಇತ್ತ ಅಜ್ಜಿಯ ಕೊಂಬೆಗಳ ತುದಿ ಸುಟ್ಟ ಹಾಗೆ ಬೆಳ್ಳಗಾಗುತ್ತಿತ್ತು.

"ನನ್ನ ಗಂಡ ನಿನ್ನ ಕಣ್ಣಿಗೆ ಹಾಲು ಕದಿಯೋ ಬೆಕ್ಕಿನ ಥರ ಕಾಣ್ತಾನೆ ಕಣೇ" ಎಂದಳು ಅಕ್ಕ.

"ಹಾಲಿನ ಪಾತ್ರೆ ಖಾಲಿಯಾಗ್ತಾ ಇದೆಯಲ್ಲ ಅಕ್ಕ."

ಒಂದು ದಿನ ತೊಟ್ಟಿಯ ನೀರು ತಿರುಗಿಸುವ ಪಂಪನ್ನು ಹೊರತೆಗೆದು ಒರೆಸುವಾಗ ಅದರ ಕುತ್ತಿಗೆಗೆ ಬಿಳಿಯ ಹಕ್ಕಳೆ ಕಟ್ಟಿದ್ದು ಸಿಕ್ಕಿತು. ಉಪ್ಪಿರಬೇಕು ಎಂದು ಸಿಹಿನೀರಿಗೆ ಹಾಕಿದೆ, ಕರಗಲಿಲ್ಲ. ಅಡುಗೆಮನೆಯಿಂದ ವಿನೆಗರ್ ತಂದು ಒಂದು ಹನಿ ಬಿಟ್ಟೆ. ಬುಸುಬುಸು ನೊರೆಯೆದ್ದಿತು. ಸುಣ್ಣ! ದಿನಕ್ಕೊಂದು ಲೋಟಕ್ಕೆ ಇಷ್ಟು ಕಟ್ಟುವುದಿಲ್ಲ.

"ಅಕ್ಕ, ನೀನು ಎರಡೆರಡು ಸಲ ಸುರೀತಿದೀಯಾ?"

"ನನಗೇನು ಅರಳುಮರಳಾ? ಲೋಟ ನೆಟ್ಟಗಿದ್ರೆ ಮಾತ್ರ ಸುರೀತೀನಿ. ನಿನ್ನ ಹಾಗೇ."

ಹಾಗಾದರೆ ಉಳಿದವರು ಒಬ್ಬರೇ. ಭಾವ ಬಂದ ಕೂಡಲೇ ಹಕ್ಕಳೆಯನ್ನು ಕಾಗದದ ಮೇಲಿಟ್ಟು ಅವರ ಮುಂದೆ ಚಾಚಿದೆ. ಅವರು ಅದನ್ನು ನೋಡಿದರು, ಅಜ್ಜಿಯನ್ನು ನೋಡಿದರು, ಬೀಗ ತೆಗೆದರು. ಒಳಗೆ ಒಂದು ಕ್ಯಾನು, ಫೋನಿನಿಂದಲೇ ನಡೆಸುವ ಪುಟ್ಟ ಮೋಟರು. ಸಪೂರ ಕೊಳವೆಯೊಂದು ತೊಟ್ಟಿಯ ಹಿಂಬದಿಗೆ ಏರಿತ್ತು. ಕ್ಯಾನಿನಲ್ಲಿ ಸುಣ್ಣದ ತಿಳಿನೀರೇ.

"ಅವಳನ್ನ ಸಾಯಿಸ್ಬೇಕು ಅಂತಾನಾ ಭಾವ?"

"ಬೆಳೆಸ್ಬೇಕು ಅಂತ." ಅವರ ದನಿ ಇಳಿದಿತ್ತು. "ಮಾವ ಮಲಗಿದ್ಮೇಲೆ ಸುಣ್ಣ ಹಾಕೋರೇ ಇಲ್ಲ ಅಂದ್ಕೊಂಡೆ. ಅವರು ಕೆಳಗೆ ಬರೋ ಹೊತ್ತಿಗೆ ಹೊಸ ಚಿಗುರು ತೋರಿಸೋಣ ಅಂತಿದ್ದೆ. ಮೊದಲೇ ಹೇಳಿದ್ರೆ ನೀವಿಬ್ರೂ ಬಿಡ್ತಿದ್ರಾ?"

"ದಿನಾ ಲೋಟ ಕವುಚಿದ್ದು ಕಾಣಿಸ್ಲಿಲ್ವಾ?" ಅಕ್ಕ ರೇಗಿದಳು.

"ತೊಳೆದು ಒಣಗೋಕೆ ಇಟ್ಟಿದೀರ ಅಂದ್ಕೊಂಡೆ."

ಅಕ್ಕ ನನ್ನ ಮುಖ ನೋಡಿದಳು. ಲೋಟದ ಮಾತನ್ನು ಅಪ್ಪ ನಮಗೆ ಹೇಳಿದ್ದರು. ಭಾವನಿಗೆ ಯಾರೂ ಹೇಳಿರಲಿಲ್ಲ. ನಾನಂತೂ ಹೇಳಿರಲಿಲ್ಲ.

ಮೋಟರು ನಿಲ್ಲಿಸಿದೆವು. ತೊಟ್ಟಿಯ ನೀರನ್ನು ಚೂರುಚೂರೇ ಬದಲಿಸುತ್ತ ಬಂದೆವು. ಕೆಟ್ಟದ್ದನ್ನೂ ಒಮ್ಮೆಲೇ ಸರಿಮಾಡಬಾರದು, ಹವಳಕ್ಕೆ ಅದೂ ಪೆಟ್ಟೇ.

ಅಪ್ಪ ಕೋಲೂರಿ ಇಳಿದು ಬಂದಾಗ ಅಜ್ಜಿಯ ಒಂದು ಮಗ್ಗುಲು ಸತ್ತು ಬಿಳಿಯ ಕಲ್ಲಾಗಿತ್ತು. ಇನ್ನೊಂದು ಮಗ್ಗುಲಲ್ಲಿ ಕಂದು ಬಣ್ಣ ಉಳಿದಿತ್ತು. ಅವರು ಗಾಜಿಗೆ ಮೂಗು ತಾಗಿಸಿ ನಿಂತರು.

"ಯಾರು?"

"ನಾನು, ಮಾವ" ಎಂದರು ಭಾವ.

"ಅವರೊಬ್ಬರೇ ಅಲ್ಲ ಅಪ್ಪ" ಎಂದೆ. ಎಲ್ಲವನ್ನೂ ಹೇಳಿದೆ.

"ಅಂಗಡಿ ಗತಿ?" ಅಕ್ಕ ಅಳುಕುತ್ತ ಕೇಳಿದಳು.

"ಅರ್ಧ ಅಜ್ಜಿಗೆ ಅರ್ಧ ಬೀಗ ಹಾಕೋಕಾಗುತ್ತಾ?" ಅಪ್ಪ ಸ್ಟೂಲಿನ ಮೇಲೆ ಕುಳಿತು ಭಾವನನ್ನು ಹತ್ತಿರ ಕರೆದರು. "ಆ ಲೋಟ ಕೊಡಪ್ಪ, ಹೇಳ್ತೀನಿ."

ಈಗ ಸುಣ್ಣ ಹಾಕುವುದು ಯಂತ್ರವೇ, ಅಪ್ಪ ಹೇಳಿದ ಅಳತೆಯಲ್ಲಿ. ಅದಕ್ಕೆ ಲೋಟ ಕವುಚಲು ಬರುವುದಿಲ್ಲ. ಆ ಕೆಲಸಕ್ಕೆಂದೇ ಭಾವ ಬೆಳಿಗ್ಗೆ ಮೊದಲು ಅಂಗಡಿಗೆ ಬಂದು, ಆಮೇಲೆ ಗಿರಾಕಿಗಳ ಮನೆಗೆ ಹೋಗುತ್ತಾರೆ. ಕಪಾಟಿಗೆ ಬೀಗವಿಲ್ಲ. ಅವರು ಅತ್ತ ಹೋದ ಮೇಲೆ ನಾನು ಕಪಾಟು ತೆರೆದು ನೋಡುತ್ತೇನೆ. ಪಂಪಿನ ಕುತ್ತಿಗೆಯ ಮೇಲೆ ಬೆರಳಾಡಿಸಿ, ಬೆರಳನ್ನು ಬೆಳಕಿಗೆ ಹಿಡಿಯುತ್ತೇನೆ.