ಸುತ್ತು ಎಷ್ಟು ಎಂದು ಕೇಳಿದವನು

ವಾರ್ನಿಷ್ ವಾಸನೆ ಫ್ಯಾನಿನ ಗಾಳಿಗೆ ಒಮ್ಮೆ ಬರುತ್ತದೆ, ಒಮ್ಮೆ ಹೋಗುತ್ತದೆ, ಫೋನಿನ ಮೇಲೆ ಎಣ್ಣೆ ಬೆರಳಿನ ಕಲೆ, ಕಲೆಯ ಅಡಿಯಲ್ಲಿ ಕಾಂತೇಶ್ ಗುಬ್ಬಿಗೇಟ್ ಅಂತ ಒಂದು ಹೆಸರು, ಯಾರಪ್ಪ ಇವನು ನನ್ನ ಹೆಸರಿನವನು ಎಂದುಕೊಂಡು ಕಾಂತೇಶ ಅಂಗಿ ತುದಿಯಿಂದ ಒರೆಸಿದರೆ ತಾನೇ, ಎಂಟು ವರ್ಷದ ಹಿಂದಿನ ತಾನು, ತಲೆ ತುಂಬ ಕೂದಲು. ಹುಡುಕಿದ್ದು ಮೋಟಾರಿನ ಲೆಕ್ಕ — ಹತ್ತು ಎಚ್‌ಪಿ, ತಂತಿ ಕೂರುವ ಮೂವತ್ತಾರು ಸ್ಲಾಟು, ಎಂದೋ ಮುಚ್ಚಿಹೋದ ಕಂಪನಿ, ತಂತಿ ಎಷ್ಟು ಸುತ್ತು — ಇಷ್ಟಕ್ಕೆ ಇಡೀ ಪ್ರಪಂಚದ ಇಂಟರ್‌ನೆಟ್ಟು ಕೊಟ್ಟಿದ್ದು ಒಂದೇ ಒಂದು ಪುಟ, ತಮ್ಮದೇ ಮೋಟಾರು ವೈಂಡಿಂಗಿನವರ ಫೇಸ್‌ಬುಕ್ ಗುಂಪಿನದು, ಈಗ ಅಲ್ಲಿ ಶುಭೋದಯದ ಹೂವು ಬಿಟ್ಟರೆ ಏನೂ ಬೀಳುವುದಿಲ್ಲ. ಎಂಟು ವರ್ಷದ ಹಿಂದೆ ಅಲ್ಲಿ ಒಬ್ಬ ಕೇಳಿದ್ದ — ಅಣ್ಣಾವ್ರೆ, ನಾನು ಕುಣಿಗಲ್ ಮುಖ್ತಾರ್ ಅಹಮದ್, ಹೊಸದಾಗಿ ಅಂಗಡಿ ಇಟ್ಟಿದೀನಿ, ಸುತ್ತು ಎಣಿಸೋ ಮುಂಚೆ ಹಳೇ ಕಾಯಿಲ್ ಕತ್ತರಿಸ್ಬಿಟ್ಟೆ, ರಾಗಿ ಮಿಷನ್ ಮೋಟಾರು, ಜನ ಕಾಯ್ತಾವ್ರೆ, ಗೊತ್ತಿರೋರು ಹೇಳಿ. ಅದೇ ಕಂಪನಿ, ಅದೇ ಮೂವತ್ತಾರು ಸ್ಲಾಟು, ಫೋಟೋದಲ್ಲಿ ಹೊಟ್ಟೆ ಬಗೆದಂತೆ ಖಾಲಿ ಬಿದ್ದ ಮೋಟಾರು, ಅದರಣ್ಣನೇ ಈಗ ಇಲ್ಲಿ ಕಾಲ ಬುಡದಲ್ಲಿ ಖಾಲಿ ಬಿದ್ದಿದೆ. ಕೆಳಗೆ ಉತ್ತರ ಒಂದೇ, ತನ್ನದು — ಕತ್ರಿ ಅಷ್ಟು ಚೆನ್ನಾಗಿ ಆಡೋದಾದ್ರೆ ದರ್ಜಿ ಅಂಗಡಿ ಇಡಿ ಸಾಬ್ರೆ, ಮೋಟಾರು ನಮಗೆ ಬಿಡಿ. ಅದಕ್ಕೆ ನಲವತ್ತೊಂದು ನಗುವ ಹಳದಿ ಮುಖ.

ನಲವತ್ತೊಂದು, ಆವತ್ತು ಅದನ್ನು ಹೆಂಡತಿ ತೇಜಸ್ವಿನಿಗೆ ತೋರಿಸಿ ಎದೆ ಉಬ್ಬಿಸಿದ್ದ, ಅವಳು ಸೊಪ್ಪು ಬಿಡಿಸುತ್ತ, ಪಾಪ ಕಣ್ರೀ, ಗೊತ್ತಿದ್ರೆ ಹೇಳ್ಬಾರ್ದಿತ್ತಾ, ಎಂದಿದ್ದಳು, ಗೊತ್ತಿದ್ದರೆ ತಾನೇ, ಗೊತ್ತಿಲ್ಲ ಎನ್ನುವುದಕ್ಕೆ ನಾಲಿಗೆ ಏಳಲಿಲ್ಲ, ನಗಿಸುವುದು ಸಲೀಸು, ಥೂ ನನ್ನ ಜನ್ಮಕ್ಕೆ. ಎಣಿಸು ಕಣ್ಲಾ, ಬರ್ಕೊ ಕಣ್ಲಾ, ಆಮೇಲೆ ಕತ್ರಿ ಮುಟ್ಟು ಕಣ್ಲಾ — ಕೆಲಸ ಕಲಿಸಿದ ಚನ್ನವೀರಯ್ಯ ತಲೆಗೆ ಮೊಟಕಿ ಮೊಟಕಿ ಹೇಳಿಕೊಟ್ಟಿದ್ದು ಅಷ್ಟೇ, ಇಪ್ಪತ್ತಾರು ವರ್ಷ ತಪ್ಪಿರಲಿಲ್ಲ, ಈ ಸೋಮವಾರ ತಪ್ಪಿತು, ಒಂದು ಕೈಯಲ್ಲಿ ಫೋನು, ಬಾಯಲ್ಲಿ ಯಾರ ಜೊತೆಗೋ ಜಗಳ, ಇನ್ನೊಂದು ಕೈ ಕತ್ತರಿಸುತ್ತ ಹೋಯಿತು, ಜಗಳ ಮುಗಿದಾಗ ಕಾಯಿಲೂ ಮುಗಿದಿತ್ತು, ಎಣಿಸಿಲ್ಲ ಎಂದು ನೆನಪಾಗುವ ಹೊತ್ತಿಗೆ ತಾಮ್ರವನ್ನು ಗುಜರಿಯವನು ಒಯ್ದಿದ್ದ. ಅಂದಾಜಿನ ಮೇಲೆ ಸುತ್ತಿ ನೋಡಿದ, ಹತ್ತು ನಿಮಿಷ ಓಡಿ ಹೊಗೆ ಬಂತು, ಮತ್ತೆ ಎಲ್ಲ ಬಿಚ್ಚಿ ಹಾಕಿದ. ಏನಪ್ಪಾ ಕಾಂತೇಶಾ, ನಾಳೆ ನಾಳೆ ಅಂತ ನಾಕು ದಿನ ಆಯ್ತು, ರಾಗಿ ಚೀಲ ಬಾಗ್ಲಗಂಟ ಕೂತವೆ, ಜನ ಎತ್ಕೊಂಡು ಬೇರೆ ಮಿಷನ್ನಿಗೆ ಹೋಗ್ತಾವ್ರೆ — ಗುಬ್ಬಿಯಿಂದ ಫೋನಿನಲ್ಲಿ ರಾಗಿ ಮಿಷನ್ನಿನ ಒಡತಿ ಸುಬ್ಬಲಕ್ಷ್ಮಮ್ಮ, ಬೈಯುವುದೂ ಇಲ್ಲ ಆ ತಾಯಿ, ಬೈದರೆ ಒಳ್ಳೆಯದಿತ್ತು, ನಿನ್ ಕೈ ಮುಟ್ಟಿದ್ ಮೇಲೆ ಓಡ್ದೆ ಇರ್ತದಾ ಬುಡು, ಅನ್ನುತ್ತಾಳೆ. ಮಾಡಿದ್ದುಣ್ಣೋ ಮಹರಾಯ.

ಸತ್ತುಹೋದ ಚರ್ಚೆಗೆ ವರ್ಷಗಟ್ಟಲೆ ಬಿಟ್ಟು ಉತ್ತರ ಬರೆಯುವವರನ್ನು ಕಂಡರೆ ಇವನಿಗೆ ನಗು ಬರುತ್ತಿತ್ತು, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವವರು, ಕೆಲಸವಿಲ್ಲದವರು — ಕೆಲಸ ಇರುವವರೇ ಬರುತ್ತಾರೆ ಇಲ್ಲಿಗೆ, ಈಗ ಗೊತ್ತಾಯಿತು, ಬೇರೆಲ್ಲೂ ದಾರಿ ಇಲ್ಲದವರು, ಕೇಳಿದವನು ಇನ್ನೂ ಅಲ್ಲೇ ನಿಂತಿದ್ದಾನೆ ಎನ್ನಿಸುತ್ತದೆ, ಎಂಟು ವರ್ಷದಿಂದ ಕೈ ಕಟ್ಟಿಕೊಂಡು, ಅಣ್ಣಾವ್ರೆ ಅಂತ. ಉತ್ತರ ಸಿಕ್ತಾ, ಎಂದಷ್ಟೇ ಬರೆದ, ಆಸೆಬುರುಕ, ಅಳಿಸಿದ, ಮತ್ತೆ ಬರೆದ — ಮುಖ್ತಾರ್ ಸಾಹೇಬ್ರೆ, ಆವತ್ತು ನನಗೂ ಗೊತ್ತಿರಲಿಲ್ಲ, ತಪ್ಪಾಯ್ತು, ಈಗ ನಾನೂ ಎಣಿಸದೆ ಕತ್ತರಿಸಿದೀನಿ, ನಿಮಗೆ ಉತ್ತರ ಸಿಕ್ಕಿದ್ರೆ ದಯಮಾಡಿ ಹೇಳಿ. ತನ್ನ ಹಳೇ ಮಾತಿನ ಕೆಳಗೇ ಒತ್ತಿ ಕಳಿಸಿದ, ಎದೆ ಸ್ವಲ್ಪ ಹಗುರಾಯಿತು, ನಿಜವಾಗಿ ಹಗುರಾಯಿತು, ಟಿಂಗ್ ಅಂತ ಫೋನು, ಇಷ್ಟು ಬೇಗ, ಮುಖ್ತಾರ್ ಅಲ್ಲ, ಗುಂಪಿನವನೇ, ಕೋರ ಊರಿನ ರುದ್ರಯ್ಯ — ಹ್ಹ ಹ್ಹ, ಕಾಂತೇಶಣ್ಣ, ಏನ್ ಡೈಲಾಗ್ ಹೊಡ್ದಿದ್ಯೋ ಆವತ್ತು, ಸೂಪರ್ ಕಣಣ್ಣ. ಯಾವ ಆವತ್ತು, ನೋಡಿದರೆ ಹಳೇ ಹೆಣ ಎದ್ದು ಗುಂಪಿನ ನೆತ್ತಿಗೆ ಬಂದು ಕೂತಿದೆ, ಯಾರೋ ಉತ್ತರಿಸಿದರೆ ಮೇಲಕ್ಕೆ ಬರುತ್ತದೆಯಲ್ಲ, ಎಲ್ಲರ ಫೋನಿಗೂ ಬಂದಿದೆ, ಮುಖ್ತಾರನ ಪ್ರಶ್ನೆ, ಅದರ ಕೆಳಗೆ ದರ್ಜಿ ಅಂಗಡಿ ಇಡಿ ಸಾಬ್ರೆ, ತಪ್ಪಾಯ್ತು ಎಂದಿದ್ದು ಎಲ್ಲಿ, ಒಂದು ಉತ್ತರ ಎಂಬ ಸಣ್ಣ ಅಕ್ಷರದೊಳಗೆ ಮಡಚಿಕೊಂಡಿದೆ, ಒತ್ತಿದವರಿಗೆ ಮಾತ್ರ ಕಾಣುತ್ತದೆ, ಯಾರು ಒತ್ತುತ್ತಾರೆ, ಕುಣಿಗಲ್‌ನಲ್ಲೂ ಈಗ ಒಂದು ಫೋನು ಟಿಂಗ್ ಎಂದಿರುತ್ತದೆ, ಅವನ ಮುಂದೆ ಅವನ ಮಗಳೂ ಕೂತಿರಬಹುದು, ಅಬ್ಬಾ ಏನದು ಅಂತ ಅಪ್ಪನನ್ನು ಕೇಳುತ್ತ — ಅಳಿಸಬೇಕು, ಹಳೆಯದನ್ನು ಅಳಿಸಿದರೆ ಕೆಳಗಿನ ತಪ್ಪಾಯ್ತೂ ಹೋಗುತ್ತದೆ, ಹೋಗಲಿ, ಹೆಬ್ಬೆರಳು ಇಳಿಯುತ್ತಿಲ್ಲ, ನಲವತ್ತೆರಡು, ನಲವತ್ಮೂರು, ಕಣ್ಣು ಮುಚ್ಚಿ ಬಾಯಿ ತೆರೆದ ಹಳದಿ ಮುಖ, ನಲವತ್ತಾರು, ಹಳದಿ ಮುಖ, ನಲವತ್ತೇಳು.