ಏಳದೇ ಕೂತದ್ದು

ಕಿರ್ರ್ ಎಂದಿತು, ಪಕ್ಕದ ಮನೆಯ ಬಾವಿಯ ರಾಟೆ ಇರಬೇಕು, ತಮ್ಮದಲ್ಲ, ತಮ್ಮ ಬಾವಿಗೆ ಹಲಗೆ ಮುಚ್ಚಿ ಹದಿನಾರು ದಿನವಾಯಿತು — ಮರುಳಸಿದ್ದಪ್ಪ ಮೇಷ್ಟ್ರು ಎಡಗೈಯ ಲಿಂಗದ ಮೇಲೆ ಮತ್ತೆ ಕಣ್ಣು ನೆಟ್ಟರು, ನಿಲ್ಲಬೇಕಲ್ಲ ಹಾಳು ಮನಸ್ಸು, ವಿಭೂತಿಯ ವಾಸನೆ ಬಂದರೂ ಅವಳೇ, ಪತ್ರೆ ಒಣಗಿದ್ದರೂ ಅವಳೇ, ಹೆಂಡತಿ ನೀಲಗಂಗಮ್ಮ, ಜಯನಗರದ ಈ ಹೊಸ ಮನೆಗೆ ಬಂದು ವರ್ಷ ತುಂಬಿರಲಿಲ್ಲ, ನೀರು ಸೇದಲು ಹೋದವಳು ಬಾವಿಯ ಪಾಲಾದಳು. ಯಾಕೆ? ರಾಟೆಗೊಂದು ತೊಟ್ಟು ಎಣ್ಣೆ ಬಿಟ್ಟಿದ್ರೆ ಹಿಂಗಾಯ್ತಿತ್ತಾ ಸಾಮಿ, ಜರಗನಹಳ್ಳಿಯಿಂದ ಮೊಸರು ತರುವ ಗೌರಮ್ಮ ಕಣ್ಣೊರೆಸಿಕೊಂಡಳು. ರಕ್ತ ಕಡಿಮೆ ಇತ್ತು, ತಲೆ ಸುತ್ತಿರುತ್ತೆ, ಅಂದರು ಡಾಕ್ಟರು. ಶಿವನಿಚ್ಛೆ, ಅಂದರು ಮಠದ ಅಯ್ಯನವರು. ಒಬ್ಬೊಬ್ಬರ ಬಾಯಲ್ಲೂ ಒಂದೊಂದು ಕಾರಣ, ಇಂಟರ್‌ಮೀಡಿಯೆಟ್ ತರಗತಿಗೆ ಇಪ್ಪತ್ತು ವರ್ಷ ತರ್ಕಶಾಸ್ತ್ರ ಹೇಳಿದ ತಮ್ಮ ಬಾಯಲ್ಲಿ ಮಾತ್ರ ಒಂದೂ ಇಲ್ಲ — ಯಾವುದನ್ನು ತೆಗೆದರೆ ಆದದ್ದು ಆಗುತ್ತಲೇ ಇರಲಿಲ್ಲವೋ ಅದೇ ಕಾರಣ, ಬರ್ಕೊಳ್ಳಿ, ಅನ್ನುತ್ತಿದ್ದರು ಕ್ಲಾಸಿನಲ್ಲಿ. ಮಾಡದೇ ಇದ್ದದ್ದೂ ಕಾರಣ ಆಗುತ್ತಾ ಸಾರ್, ಹಿಂದಿನ ಬೆಂಚಿನ ಜಯಸಿಂಹ ಎದ್ದು ನಿಂತು ಕೇಳಿದ್ದ, ಇಲ್ಲದ್ದು ಏನು ಮಾಡೀತಯ್ಯಾ ಕೂತ್ಕೋ ಅಂದಿದ್ದರು, ಕ್ಲಾಸೆಲ್ಲ ನಕ್ಕಿತ್ತು, ತಾವೂ ನಕ್ಕಿದ್ದರು, ಥೂ.

ಅವಳು ಕೂಗಿದ್ದಳು. ರೀ, ಹಗ್ಗ ಜಾರ್ತಿದೆ, ಬನ್ನಿ ರೀ — ಎರಡು ಸಲ. ಆಗಲೂ ಹೀಗೇ ಕೂತಿದ್ದರು, ಅಂಗೈಯಲ್ಲಿ ಲಿಂಗ, ಪೂಜೆಯ ನಡುವೆ ಏಳಬಾರದು, ತುಟಿ ಬಿಚ್ಚಬಾರದು, ಮನೆಗೆ ಬೆಂಕಿ ಬಿದ್ದರೂ, ಅಂತ ಅಪ್ಪ ಚಿಕ್ಕಂದಿನಲ್ಲೇ ಕಲಿಸಿದ್ದು, ಮುಗಿಸಿಯೇ ಹೋಗೋಣ, ಕೊಡ ತಾನೇ, ಬಿದ್ದರೆ ಬೀಳಲಿ. ಪಕ್ಕದ ಮನೆಯವರೂ ಬರಲಿಲ್ಲವಲ್ಲ, ಅವರೂ ಕಾರಣವೇ? ಅವರಿಗೆ ಕೇಳಿಸಿರಲಿಲ್ಲ ಕಣಯ್ಯಾ, ನಿನಗೆ ಕೇಳಿಸಿತ್ತು. ಎಣ್ಣೆ ಇಲ್ಲದಿರಲಿ, ರಕ್ತ ಕಡಿಮೆಯೇ ಇರಲಿ, ನೀನೊಬ್ಬ ಎದ್ದಿದ್ದರೆ ಈಗ ಒಳಗೆ ರೊಟ್ಟಿ ಬಡಿಯುವ ಸದ್ದು ಇರುತ್ತಿತ್ತು — ಹೊಸ್ತಿಲಲ್ಲಿ ನೆರಳು, ಅವಳ ತಮ್ಮ ಶಾಂತವೀರಪ್ಪ, ಕೈಯಲ್ಲಿ ಚೀಲ, ಊರಿಗೆ ಹೊರಟು ನಿಂತಿದ್ದಾನೆ. ಭಾವ, ಪೂಜೇಲಿದ್ದೀರಿ, ತಪ್ಪು ತಿಳೀಬೇಡಿ, ಅವ್ವ ಕೇಳ್ಕೊಂಡು ಬಾ ಅಂದಿದ್ದಾಳೆ, ಅಕ್ಕ ಕೂಗ್ಲಿಲ್ವಾ? ಸುಮ್ಮನಿರಬಹುದಿತ್ತು, ಪೂಜೆಯಲ್ಲಿದ್ದವರು ಸುಮ್ಮನಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ, ಆದರೆ ಅಂಗೈಯಲ್ಲಿ ಲಿಂಗವಿರುವಾಗಲೇ ಬಾಯಿ ತೆರೆಯಿತು, ಜನ್ಮದಲ್ಲಿ ಮೊದಲ ಸಲ, ಇಲ್ಲಪ್ಪ, ಕೂಗಲಿಲ್ಲ. ಬರ್ತೀನಿ ಭಾವ ಅಂದು ಅವನು ಹೋದ, ಗೇಟು ಮುಚ್ಚಿತು, ಅವಳಿಗಾಗಿ ಬಿಚ್ಚದ ತುಟಿ ಈಗ ಇದಕ್ಕೆ ಬಿಚ್ಚಿತಲ್ಲ ಶಿವನೇ, ಕಿರ್ರ್ — ಅವತ್ತು ಪೂಜೆ ಮುಗಿಸಿ ಹಿತ್ತಲಿಗೆ ಹೋದಾಗ ಹಗ್ಗವಿಲ್ಲ, ಕೊಡವಿಲ್ಲ, ಅವಳಿಲ್ಲ, ರಾಟೆ ಇನ್ನೂ ತಿರುಗುತ್ತಿತ್ತು, ಇನ್ನೂ ತಿರುಗುತ್ತಿತ್ತು