ಬೆಚ್ಚನೆ ಗೂಡಿನ ಮಾತ್ರೆಗಳು

ಬೇಕರಿಯ ಒಲೆಯ ಬಲಕ್ಕೆ, ಗೋಡೆಯಲ್ಲೊಂದು ಗೂಡಿತ್ತು. ಒಲೆ ಕಟ್ಟಿಸುವಾಗ ಅಪ್ಪ ಎದುರಿಗೆ ನಿಂತು ಬಿಡಿಸಿದ್ದು. ಒಲೆಯ ಕಾವು ಇಟ್ಟಿಗೆಗಳನ್ನು ಹಾದು ಬಂದು ಅಲ್ಲಿ ತಂಗುತ್ತಿತ್ತು. ಕೈಯಿಟ್ಟರೆ ಯಾರೋ ಆಗಷ್ಟೇ ಎದ್ದುಹೋದ ಹಾಸಿಗೆಯ ಹಾಗೆ ಬೆಚ್ಚಗೆ. ಯೀಸ್ಟ್ ಕಲಸಿದ ಬೋಗುಣಿಗೆ ಅದೇ ಜಾಗ, ಉಬ್ಬಬೇಕಾದ ಹಿಟ್ಟಿಗೆ ಅದೇ ಜಾಗ. ಒಂದು ಸಲ ಚಳಿಯಲ್ಲಿ ಸೆಟೆದು ಬಿದ್ದಿದ್ದ ಬೆಕ್ಕಿನ ಮರಿಯನ್ನು ತಂದಿಟ್ಟಿದ್ದರು. ಅದು ಕಣ್ಣುಬಿಟ್ಟು, ಮೈ ನೆಕ್ಕಿಕೊಂಡು, ಹೋಗುವಾಗ ಒಂದು ಬನ್ನನ್ನೂ ಕಚ್ಚಿಕೊಂಡು ಹೋಗಿತ್ತು.

ತಂಗಿ ತಿಂಗಳು ತುಂಬದೆ ಹುಟ್ಟಿದಾಗ ಅಪ್ಪ ಬ್ರೆಡ್ಡಿನ ಬುಟ್ಟಿಯಲ್ಲಿ ಬಟ್ಟೆ ಹಾಸಿ ಆ ಗೂಡಿನ ಮುಂದೆಯೇ ಮಲಗಿಸಿ ಬದುಕಿಸಿಕೊಂಡಿದ್ದ. "ನಿನ್ನನ್ನು ಅಮ್ಮ ಹೆತ್ತಿದ್ದು ಅರ್ಧ ಕಣೇ. ಮಿಕ್ಕಿದ್ದು ಈ ಗೂಡು ಹೆತ್ತಿದ್ದು" ಎಂದು ಅಕ್ಕ ಅವಳನ್ನು ಛೇಡಿಸುವುದಿತ್ತು.

ಅಪ್ಪ ಹೋದ ಮೇಲೆ ಬೇಕರಿ ಇಬ್ಬರದೂ ಆಯಿತು. ಬಾಗಿಲ ಮೇಲಿನ ಬೋರ್ಡಿನಲ್ಲಿ 'ಅಕ್ಕ ತಂಗಿ ಬೇಕರಿ' ಎಂದು ಬರೆಸಿದರು. ಅಕ್ಕ ಮದುವೆಯ ಗೋಜಿಗೆ ಹೋಗಲಿಲ್ಲ. ತಂಗಿ ಹೋಗಿ, ಕೈಸುಟ್ಟುಕೊಂಡು, ಒಂದು ಪೆಟ್ಟಿಗೆಯೊಂದಿಗೆ ವಾಪಸು ಬಂದಳು. ಒಲೆ ಅಕ್ಕನದು, ಗಿರಾಕಿ ತಂಗಿಯದು. ಅಕ್ಕನಿಗೆ ಮಾತು ಕಡಿಮೆ. ತಂಗಿಯೋ, ಬ್ರೆಡ್ಡು ಕೊಳ್ಳಲು ಬಂದವನಿಗೆ ಬಿಸ್ಕತ್ತನ್ನೂ ಕಟ್ಟಿ, ಅವನ ಹೆಂಡತಿಯ ಮಂಡಿನೋವನ್ನೂ ವಿಚಾರಿಸಿ ಕಳಿಸುವವಳು. ಅವಳಿಲ್ಲದ ಬೇಕರಿಯನ್ನು ಅಕ್ಕ ಯಾವತ್ತೂ ಯೋಚಿಸಿದವಳಲ್ಲ.

ಆ ವರ್ಷ ತಂಗಿಯ ದವಡೆ ಹಲ್ಲಿನಲ್ಲಿ ಕೀವು ತುಂಬಿತು. ಆಂಟಿಬಯಾಟಿಕ್ ನುಂಗಿದಳು. ಹಲ್ಲು ಸುಮ್ಮನಾಯಿತು ಅನ್ನುವಾಗ ಕಿವಿನೋವು ಎದ್ದಿತು. ಮತ್ತೊಂದು ಸುತ್ತು ಆಂಟಿಬಯಾಟಿಕ್. ಅದು ಮುಗಿಯುವ ಹೊತ್ತಿಗೆ ಅವಳ ನಾಲಿಗೆ ಮೇಲೆ ಯಾರೋ ಮೈದಾ ಉದುರಿಸಿದ ಹಾಗೆ ಬೆಳ್ಳನೆ ಪದರ ಕೂತಿತ್ತು. ಕೆರೆದರೆ ಕೆಳಗೆ ಕೆಂಪು, ಉರಿ. ಉಂಡರೆ ಹೊಟ್ಟೆ ಉಬ್ಬರ. ಹೇಳಿಕೊಳ್ಳಲಾಗದ ಕಡೆ ತುರಿಕೆ.

"ಅಕ್ಕಾ, ನನ್ನ ಹೊಟ್ಟೆಯೊಳಗೆ ನಿನ್ನ ಹಿಟ್ಟು ಉಬ್ತಾ ಇದೆ" ಎಂದು ನಕ್ಕಳು. ಆಗಿನ್ನೂ ಅದು ತಮಾಷೆಯಾಗಿತ್ತು.

ಇಬ್ಬರೂ ಡಾಕ್ಟರಮ್ಮನ ಹತ್ತಿರ ಹೋದರು. ಆಕೆ ಬಾಯಿಗೆ ದೀಪ ಹಿಡಿದು ನೋಡಿ, ಕೈ ತೊಳೆದುಕೊಂಡು ಕೂತಳು.

"ಬೇಕರಿಯವರಿಗೆ ಯೀಸ್ಟ್ ಅಂದ್ರೆ ಏನೂಂತ ನಾನು ಹೇಳಿಕೊಡಬೇಕಾ? ಇದೂ ಒಂದು ಥರದ ಯೀಸ್ಟೇ. ಎಲ್ಲರ ಬಾಯಲ್ಲೂ ಕರುಳಲ್ಲೂ ಒಂದಿಷ್ಟು ಇರುತ್ತೆ. ಒಳ್ಳೆ ಬ್ಯಾಕ್ಟೀರಿಯಾ ಇರೋತನಕ ಅದು ತೆಪ್ಪಗೆ ಒಂದು ಮೂಲೆಯಲ್ಲಿ ಕೂತಿರುತ್ತೆ. ನೀವು ನುಂಗಿದ ಆಂಟಿಬಯಾಟಿಕ್ ಕೆಟ್ಟದ್ದರ ಜೊತೆ ಒಳ್ಳೆಯದನ್ನೂ ಹೊಡೆದು ಹಾಕ್ತು. ಈಗ ಕೇಳೋರಿಲ್ಲ, ಮೆರೀತಿದೆ."

"ನಮ್ಮ ಬ್ರೆಡ್ಡಿಂದ ಬಂದಿದ್ದಲ್ಲ ತಾನೆ?" ಕೇಳಿದ್ದು ಅಕ್ಕ.

"ಅಲ್ಲಮ್ಮಾ. ಬ್ರೆಡ್ಡಿನ ಯೀಸ್ಟೇ ಬೇರೆ. ಅದೂ ಅಲ್ಲದೆ ನಿಮ್ಮ ಒಲೆಯ ಬಿಸಿಗೆ ಅದು ಉಳಿಯುತ್ತಾ?"

ಯೀಸ್ಟನ್ನು ಇಳಿಸಲು ಕೆಲವು ದಿನಕ್ಕೆ ಮಾತ್ರೆ ಬರೆದಳು. ಅದರ ಜೊತೆಗೆ ಬಹಳ ದಿನ ನುಂಗಲು ಪ್ರೋಬಯಾಟಿಕ್ ಕ್ಯಾಪ್ಸೂಲು. "ಇದೊಂದರಿಂದಲೇ ವಾಸಿ ಆಗುತ್ತೆ ಅಂತ ನಾನು ಹೇಳಲ್ಲ. ಮಾತ್ರೆ ಕಳೆ ಕೀಳುತ್ತೆ, ಇದು ಖಾಲಿಯಾದ ಜಾಗಕ್ಕೆ ಒಳ್ಳೆ ಪೈರು ಹಾಕುತ್ತೆ, ಅಷ್ಟೇ. ಇದರೊಳಗಿರೋದು ಜೀವಂತ ಬ್ಯಾಕ್ಟೀರಿಯಾ, ಜೋಪಾನ."

ಔಷಧಿ ಅಂಗಡಿಗೆ ತಂಗಿಯೊಬ್ಬಳೇ ಹೋಗಿ ತಂದಳು. ಬಂದವಳೇ ಪೊಟ್ಟಣವನ್ನು ಅಕ್ಕನ ಮಡಿಲಿಗೆ ಹಾಕಿ, "ನೀನೇ ನೋಡ್ಕೋ ಮಾರಾಯ್ತಿ, ನಂಗೆ ಮರೆತುಹೋಗುತ್ತೆ" ಎಂದು ಹೋಗಿ ಮಲಗಿದಳು.

ಪೊಟ್ಟಣ ತಣ್ಣಗಿತ್ತು. ಅಯ್ಯೋ, ಜೀವ ಇರೋದನ್ನು ಹೀಗೆ ಹೆಪ್ಪುಗಟ್ಟಿಸಿ ಕೊಡುತ್ತಾರಲ್ಲ ಎಂದುಕೊಂಡಳು ಅಕ್ಕ. ಜೀವ ಇರುವ ಪುಡಿಯ ಜೊತೆಗೇ ಬಾಳು ಸವೆಸಿದವಳು. ಯೀಸ್ಟನ್ನು ಫ್ರಿಜ್ಜಿನಲ್ಲಿಟ್ಟರೆ ಮಲಗುತ್ತದೆ. ಮಲಗಿದ ಯೀಸ್ಟಿನಿಂದ ಹಿಟ್ಟು ಏಳುವುದಿಲ್ಲ. ಮಲಗಿದ್ದನ್ನು ನುಂಗಿಸಿ ಏನು ಉಪಯೋಗ? ಡಬ್ಬದ ಮೇಲಿನ ಸಣ್ಣಕ್ಷರ ಅವಳ ಕಣ್ಣಿಗೆ ಹತ್ತಲಿಲ್ಲ, ಹತ್ತಿಸಿಕೊಳ್ಳಬೇಕೆಂದೂ ಅನಿಸಲಿಲ್ಲ. ಕ್ಯಾಪ್ಸೂಲುಗಳನ್ನು ಒಂದು ಗಾಜಿನ ಶೀಶೆಗೆ ಸುರಿದು, ಬಿಗಿಯಾಗಿ ಮುಚ್ಚಿ, ಗೂಡಿನ ಒಳಮೂಲೆಯಲ್ಲಿ, ಎಲ್ಲಕ್ಕಿಂತ ಬೆಚ್ಚಗಿರುವ ಜಾಗದಲ್ಲಿಟ್ಟಳು. ಖಾಲಿ ಡಬ್ಬ ಒಲೆಗೆ ಹೋಯಿತು.

ದಿನಾ ಬೆಳಗ್ಗೆ ಮೊದಲ ಸುತ್ತಿನ ಬ್ರೆಡ್ಡು ಇಳಿಸಿದ ಮೇಲೆ, ಕೈಯ ಹಿಟ್ಟು ಒರೆಸಿಕೊಂಡು, ಶೀಶೆಯಿಂದ ಒಂದನ್ನು ತೆಗೆದು ತಂಗಿಯ ಅಂಗೈಗೆ ಹಾಕುವಳು. ನುಂಗುವವರೆಗೆ ಎದುರಿಗೇ ನಿಲ್ಲುವಳು.

"ಜೈಲರ್ ಥರ ನಿಲ್ಬೇಡ್ವೇ, ನುಂಗ್ತೀನಿ."

"ನುಂಗು ಮರೀ. ಒಳಗೆ ಹೋಗಿ ಕಿತ್ತಾಡಲಿ."

ಬಿಳಿ ಪದರ ಹೋಯಿತು. ಮಾತ್ರೆ ನಿಂತಿತು, ಕ್ಯಾಪ್ಸೂಲು ಮುಂದುವರಿಯಿತು, ಪದರ ತಿರುಗಿ ಬಂತು. ಡಾಕ್ಟರಮ್ಮ ಮತ್ತೆ ಮಾತ್ರೆ ಕೊಟ್ಟಳು, ಮತ್ತೆ ಹೋಯಿತು, ಮತ್ತೆ ಬಂತು. ಶೀಶೆ ಖಾಲಿಯಾದಾಗಲೆಲ್ಲ ತಂಗಿ ಹೊಸದು ತಂದಳು. ಅಕ್ಕ ಅದನ್ನೂ ಗೂಡಿಗೇ ಸೇರಿಸಿದಳು. ಮೂಲೆ ಸಾಲದೇನೋ ಎಂದು ಶೀಶೆಗೆ ಉಣ್ಣೆಯ ಬಟ್ಟೆಯೊಂದನ್ನೂ ಸುತ್ತಿದಳು.

ತಂಗಿ ಇಳಿದುಹೋದಳು. ಬಾಯಿ ಉರಿಯುವವಳು ಗಿರಾಕಿಯ ಜೊತೆ ಏನು ಮಾತಾಡಿಯಾಳು? ಹೆಂಡತಿಯ ಮಂಡಿನೋವಿನ ಯಜಮಾನ, "ಯಾಕ್ರೀ, ಇವತ್ತು ಬಿಸ್ಕತ್ತು ಕಟ್ಟಲ್ವಾ?" ಎಂದರೆ, "ಬೇಕಿದ್ರೆ ನೀವೇ ಕೇಳಬೇಕು, ನಾನೇನು ಜ್ಯೋತಿಷ್ಯ ಹೇಳ್ತೀನಾ?" ಎಂದುಬಿಟ್ಟಳು.

ಆ ಸಮಯಕ್ಕೆ ಸರಿಯಾಗಿ ಸೋದರತ್ತೆ ಬಂದಳು. ಊರಿನ ಆಚೆ ಬದಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದವಳು. ಅವಳ ಕತ್ತರಿಗಿಂತ ಬಾಯಿ ಚುರುಕು. ತಂಗಿಯ ನಾಲಿಗೆ ನೋಡಿ ಮೂಗಿನ ಮೇಲೆ ಬೆರಳಿಟ್ಟಳು.

"ಬೆಳಗಿಂದ ಸಂಜೆತನಕ ಹಿಟ್ಟು ಉಸಿರಾಡ್ತೀಯ, ಹಿಟ್ಟು ತಿಂತೀಯ, ಹಿಟ್ಟಿನ ಮೇಲೆ ಕೂರ್ತೀಯ. ಯೀಸ್ಟ್ ರೋಗ ಬರದೆ ಇನ್ನೇನು ಬರುತ್ತೆ ಕಣೇ? ಡಾಕ್ಟರು ಪುಸ್ತಕ ಓದಿ ಹೇಳ್ತಾರೆ, ನಾನು ಕಣ್ಣಲ್ಲಿ ಕಂಡಿದ್ದು ಹೇಳ್ತೀನಿ."

"ಅತ್ತೆ, ಆ ಯೀಸ್ಟೇ ಬೇರೆ ಅಂತ ಡಾಕ್ಟರಮ್ಮ..." ಎಂದು ಅಕ್ಕ ಬಾಯಿ ಹಾಕಿದಳು.

"ನೀನು ಸುಮ್ನಿರು. ನಿಂಗೆ ನಿನ್ನ ಒಲೆ ಆರದಿದ್ರೆ ಸಾಕು."

ತಂಗಿ ಅತ್ತೆಯನ್ನು ತಡೆಯಲಿಲ್ಲ. ಅಕ್ಕನ ಕಣ್ಣಿಗೆ ಮೊದಲು ಬಿದ್ದದ್ದು ಅದೇ. ಅತ್ತೆ ಹೋದ ಮೇಲೆ ಇಬ್ಬರಿಗೂ ಮಾತು ಬೆಳೆಯಿತು.

"ಅತ್ತೆ ಹೇಳಿದ್ದರಲ್ಲಿ ಸುಳ್ಳೇನಿದೆ? ದಿನಾ ನೀನು ಕೊಟ್ಟಿದ್ದು ನುಂಗಿದೆ. ಏನಾಯ್ತು? ಈ ಮನೆಯಲ್ಲಿರೋತನಕ ನಂಗೆ ಇದು ಬಿಡಲ್ಲ ಅಕ್ಕಾ."

"ಹಾಗಾದ್ರೆ ನಂಗ್ಯಾಕೆ ಬಂದಿಲ್ಲ? ಅಪ್ಪಂಗ್ಯಾಕೆ ಬರ್ಲಿಲ್ಲ?"

"ನೀವು ಗಟ್ಟಿ. ನಾನು ಅರ್ಧ ಹುಟ್ಟಿದವಳಲ್ವಾ? ನೀನೇ ಹೇಳ್ತಿದ್ಯಲ್ಲ."

ಮರುದಿನ ತಂಗಿ ಹಿಂದೆ ತಂದಿದ್ದ ಪೆಟ್ಟಿಗೆಯನ್ನೇ ತೆಗೆದುಕೊಂಡು ಅತ್ತೆಯ ಮನೆಗೆ ಹೋದಳು.

ವಾರದೊಳಗೇ ಅಕ್ಕ ಔಷಧಿ ಅಂಗಡಿಗೆ ಹೋದಳು. ಸಿಟ್ಟು ಸಿಟ್ಟಿನ ಜಾಗದಲ್ಲಿರಲಿ, ಕ್ಯಾಪ್ಸೂಲು ತಪ್ಪಬಾರದು. ಅಂಗಡಿಯವನು ಫ್ರಿಜ್ಜಿನ ಬಾಗಿಲು ತೆರೆದು ಡಬ್ಬ ತೆಗೆದ.

"ಮನೆಗೆ ಹೋದ ತಕ್ಷಣ ಫ್ರಿಜ್ಜಿಗಿಡಿ ಅಮ್ಮಾ."

"ಫ್ರಿಜ್ಜಿಗ್ಯಾಕೆ? ಮಲಗಿಬಿಡಲ್ವಾ?"

ಅವನು ನಕ್ಕ. "ಮಲಗಲಿ ಬಿಡಿ. ಹೊಟ್ಟೆಗೆ ಹೋದ ಮೇಲೆ ಏಳ್ತವೆ. ಈ ಕಂಪನಿಯದು ಬೇರೆಯದರ ಥರ ಅಲ್ಲ, ಬಹಳ ನಾಜೂಕು. ಬಿಸಿಲಲ್ಲೋ ಒಲೆ ಹತ್ರಾನೋ ಇಟ್ರೆ ಸತ್ತೇ ಹೋಗ್ತವೆ. ಆಮೇಲೆ ನುಂಗಿದ್ರೂ ಒಂದೇ, ಸುಣ್ಣದ ಪುಡಿ ನುಂಗಿದ್ರೂ ಒಂದೇ. ನಿಮ್ಮ ತಂಗಿಗೆ ಮೊದಲ ದಿನವೇ ಹೇಳಿದ್ನಲ್ಲ."

ಅಕ್ಕ ತಣ್ಣನೆ ಡಬ್ಬವನ್ನು ಹಿಡಿದುಕೊಂಡು ಅಂಗಡಿಯ ಮೆಟ್ಟಿಲ ಮೇಲೇ ಕೂತಳು. ಹಿಟ್ಟು ಗೂಡಿನಲ್ಲಿರುವುದು ಉಬ್ಬುವ ತನಕ. ಹೊತ್ತು ಮೀರಿದರೆ ಹುಳಿತು ಕುಸಿಯುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರಾರು? ಕ್ಯಾಪ್ಸೂಲು ಮಾತ್ರ ವಾರಗಟ್ಟಲೆ ಅಲ್ಲಿ ಬೇಯುತ್ತಿತ್ತು. ಉಣ್ಣೆಯ ಬಟ್ಟೆ ಸುತ್ತಿದ್ದು ನೆನಪಾಗಿ ಅವಳಿಗೆ ತನ್ನ ಕೈಗಳನ್ನೇ ಎಲ್ಲಾದರೂ ಬಚ್ಚಿಡಬೇಕೆನಿಸಿತು.

ಅಲ್ಲಿಂದ ನೇರ ಡಾಕ್ಟರಮ್ಮನ ಹತ್ತಿರ ಹೋಗಿ, ಗೂಡಿನ ವಿಷಯ ಹೇಳಿ ಕೇಳಿದಳು. "ಅದರಿಂದಲೇ ಮರುಕಳಿಸ್ತಾ?"

"ಇರಬಹುದು, ಇಲ್ಲದೆಯೂ ಇರಬಹುದು. ಎಲ್ಲಾ ಸರಿಯಾಗಿ ತಗೊಂಡೋರಿಗೂ ಒಮ್ಮೊಮ್ಮೆ ಮರಳುತ್ತೆ. ಯಾರು ಹೇಳೋಕಾಗುತ್ತೆ ಅಮ್ಮಾ?"

ತಪ್ಪೆಂದು ಬೈದಿದ್ದರೆ ಅತ್ತು ಹಗುರಾಗುತ್ತಿದ್ದಳು. ತಪ್ಪಲ್ಲ ಎಂದಿದ್ದರೆ ತಲೆಯೆತ್ತಿ ಮನೆಗೆ ಹೋಗುತ್ತಿದ್ದಳು. ಆಕೆ ಎರಡಕ್ಕೂ ದಾರಿ ಬಿಡಲಿಲ್ಲ.

ಡಬ್ಬವನ್ನು ಅತ್ತೆಯ ಮನೆಗೆ ತಾನೇ ಒಯ್ದು, "ಫ್ರಿಜ್ಜಿಗಿಡು" ಎಂದಷ್ಟೇ ಹೇಳಿ ಕೊಟ್ಟಳು. ತಂಗಿ ಹೊಲಿಗೆ ಯಂತ್ರದಿಂದ ತಲೆಯೆತ್ತದೆ "ಹ್ಞೂಂ" ಎಂದಳು. ಗೂಡಿನ ಮಾತು ಅಕ್ಕನ ಗಂಟಲ ತನಕ ಬಂದು ನಿಂತಿತು. ಹೇಳಿದರೆ ಬ್ರೆಡ್ಡು ಬಚಾವು, ಬೇಕರಿ ಬಚಾವು, ಸಿಕ್ಕಿಬೀಳುವವಳು ತಾನು. ವಾಸಿಯಾಗಲಿ, ಆಮೇಲೆ ಹೇಳಿದರಾಯಿತು ಎಂದು ನುಂಗಿಕೊಂಡಳು.

ವಾಸಿಯಾಯಿತು. ಕೊನೆಯ ಸುತ್ತಿನ ಮಾತ್ರೆಯ ಜೊತೆ ಫ್ರಿಜ್ಜಿನ ಕ್ಯಾಪ್ಸೂಲೂ ಸೇರಿತು. ನಿಧಾನಕ್ಕೆ ಪದರ ಹೋಯಿತು, ತಿರುಗಿ ಬರಲಿಲ್ಲ. ಹೊಟ್ಟೆ ಹಗುರಾಯಿತು, ಕೆನ್ನೆ ತುಂಬಿತು, ಅದರ ಜೊತೆಗೆ ಮಾತೂ ಬಂತು. ಹೊಲಿಗೆ ಅಂಗಡಿಗೆ ಅಳತೆ ಕೊಡಲು ಬಂದವರಿಗೆಲ್ಲ ಒಂದೇ ಕಥೆ: "ಬೇಕರಿ ಬಿಟ್ಟೆ ನೋಡಿ, ರೋಗವೂ ನನ್ನ ಬಿಡ್ತು." ಹಳೇ ಗಿರಾಕಿಗಳ ಕಿವಿಗೂ ಬಿತ್ತು. ಮಂಡಿನೋವಿನ ಯಜಮಾನ ಒಂದು ದಿನ ಬ್ರೆಡ್ಡನ್ನು ಮೂಸಿ ನೋಡಿ ಮೇಜಿನ ಮೇಲೇ ಇಟ್ಟು, "ಇವತ್ತು ಬೇಡ ಬಿಡಿ" ಎಂದು ಹೋದ. ಮಾರದೆ ಉಳಿದ ಬ್ರೆಡ್ಡು ಒಣಗಿ ಸೌದೆಯಾಗತೊಡಗಿತು. ಅಕ್ಕ ಆಗಲೂ ಬಾಯಿ ಬಿಡಲಿಲ್ಲ.

ಒಂದು ಮಧ್ಯಾಹ್ನ ತಂಗಿಯೇ ಬಂದಳು. ಮೈಕೈ ತುಂಬಿಕೊಂಡು ಲಕ್ಷಣವಾಗಿದ್ದಳು. ಅಕ್ಕನ ಕಣ್ಣು ತುಂಬಿತು. ತಂಗಿ ಕೂರಲಿಲ್ಲ.

"ಅತ್ತೆ ಜೊತೆ ಪಾಲಿಗೆ ಸೇರ್ತಿದ್ದೀನಿ. ಬೋರ್ಡಿಂದ ನನ್ನ ತೆಗೆಸಿಬಿಡು ಅಕ್ಕಾ. ಜನ ನನ್ನ ಕೇಳ್ತಾರೆ, ಅಲ್ಲಿ ತಿಂದು ಕಾಯಿಲೆ ಬಿದ್ದವಳು ಅಲ್ಲಿ ನಿನ್ನ ಹೆಸರು ಯಾಕೆ ಇಟ್ಕೊಂಡಿದ್ದೀಯ ಅಂತ." ಗೂಡಿನ ಕಡೆ ನೋಡಿ ಮುಖ ಸಿಂಡರಿಸಿದಳು. "ಹುಟ್ಟಿದ ದಿನವೇ ಅಪ್ಪ ನನ್ನ ತಂದು ಈ ವಿಷದ ಮುಂದೆ ಮಲಗಿಸಿದ್ದ. ಅವತ್ತೇ ಶುರುವಾಗಿತ್ತೇನೋ."

ತನ್ನನ್ನು ಅಂದಿದ್ದರೆ ಅಕ್ಕ ತಾಳಿಕೊಳ್ಳುತ್ತಿದ್ದಳು. ಅಪ್ಪನ ಹೆಸರು ಬಂದದ್ದನ್ನು ತಾಳಲಿಲ್ಲ.

"ಅಪ್ಪನ್ನ ಅನ್ಬೇಡ. ಬ್ರೆಡ್ಡನ್ನೂ ಅನ್ಬೇಡ. ನಾನು ಮಾಡಿದ್ದು ಮರೀ. ನಿನ್ನ ಕ್ಯಾಪ್ಸೂಲನ್ನ ಉಣ್ಣೆ ಬಟ್ಟೆ ಸುತ್ತಿ ಅಲ್ಲಿಟ್ಟಿದ್ದೆ. ಬೆಚ್ಚಗಿರಲಿ ಅಂತ. ಎಲ್ಲಾ ಸತ್ತುಹೋಗಿತ್ತು. ದಿನಾ ಸತ್ತಿದ್ದನ್ನೇ ನುಂಗಿಸಿದೆ."

ತಂಗಿ ಮತ್ತೆ ಗೂಡಿನ ಕಡೆ ತಿರುಗಿದಳು. ಅವಳ ಮುಖದಲ್ಲಿ ಒಂದು ಕ್ಷಣ ಏನೋ ಸಡಿಲವಾದಂತೆ ಅಕ್ಕನಿಗೆ ಕಂಡಿತು.

"ನಿಂಗೆ ಯಾವಾಗ ಗೊತ್ತಾಯ್ತು?"

ಸುಳ್ಳು ಹೇಳಬಹುದಿತ್ತು. "ನೀನು ಹೋದ ವಾರವೇ."

"ಓ." ತಂಗಿ ತಲೆಯಾಡಿಸಿದಳು. "ಅಂದ್ರೆ ನಾನು ಊರೆಲ್ಲ ಬ್ರೆಡ್ಡನ್ನ ಬೈಕೊಂಡು ತಿರುಗ್ತಿದ್ದಾಗ ನಿಂಗೆ ಗೊತ್ತಿತ್ತು. ನನ್ನ ಬಾಯಿಂದ್ಲೇ ನಮ್ಮಪ್ಪನ ಅಂಗಡಿ ಹಾಳಾಗ್ಲಿ ಅಂತ ಬಿಟ್ಟೆ."

"ಹೆದರಿಕೆ ಆಯ್ತು ಕಣೇ. ನೀನು ನನ್ನ..."

"ಎಲ್ಲೋ ಇಡಬೇಕಾದ್ದನ್ನ ಎಲ್ಲೋ ಇಟ್ಟೆ. ಅದಕ್ಕೆ ನಾನು ನಗ್ತಿದ್ದೆ ಅಕ್ಕಾ. ಉಣ್ಣೆ ಬಟ್ಟೆ ಬೇರೆ ಸುತ್ತಿದ್ಯಲ್ಲ, ಸಾಯೋತನಕ ಆಡಿಕೊಂಡು ನಗ್ತಿದ್ದೆ." ಅವಳ ದನಿ ಏರಲೇ ಇಲ್ಲ. "ಬ್ರೆಡ್ಡಿನ ಮೇಲೆ ಸಿಟ್ಟು ಇಟ್ಕೊಂಡು ನಾನು ಆರಾಮಾಗಿದ್ದೆ. ಈಗ ಅದನ್ನ ತಂದು ಎಲ್ಲಿಡ್ಲಿ ಹೇಳು?"

ಬಾಗಿಲ ಹತ್ತಿರ ಹೋಗಿ, ತಿರುಗದೆಯೇ ಅಂದಳು: "ಬೋರ್ಡು ಮರೀಬೇಡ."

ಬೋರ್ಡು ಬರೆಯುವವನು ಏಣಿ ಹೊತ್ತುಕೊಂಡು ಬಂದ. ಬಿಳಿ ಬಣ್ಣದಿಂದ 'ತಂಗಿ'ಯನ್ನು ಮುಚ್ಚಿ, ಕೆಳಗೆ ನಿಂತಿದ್ದವಳನ್ನು ಕೇಳಿದ.

"ಬರೀ 'ಅಕ್ಕ ಬೇಕರಿ' ಅಂತ ಉಳಿಸಿಬಿಡ್ಲಾ?"

"ಅದನ್ನೂ ಅಳಿಸಿಬಿಡಪ್ಪ" ಎಂದಳು ಆಕೆ. "ಹಾಗೆ ಕರೆಯೋರು ಈಗ ಯಾರೂ ಇಲ್ಲ."

ಗೂಡಿನಲ್ಲಿ ಹಿಟ್ಟು ಬೋಗುಣಿಯ ಅಂಚು ಮೀರಿ ಉಬ್ಬಿತ್ತು. ಹೊತ್ತು ಮೀರುವ ಮುಂಚೆ ತೆಗೆಯಬೇಕಿತ್ತು. ಅವಳು ಒಳಗೆ ಹೋದಳು.